ಮುಯ್ಯಿ

ಕೊಡಿಗೇಹಳ್ಳಿ
21 ಡಿಸೆಂಬರ್ 2024

ಇನ್ನಾಸಪ್ಪನವರಿಗೆ,

ಈ ಕಾಗದವನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದರಿದ ಹಾಗಿದ್ದರೆ ಓದುವ ಕಷ್ಟ ನಿಮ್ಮದು. ಬಲಗೈಯಲ್ಲಿ ಈಗ ಹೆಬ್ಬೆರಳು, ಕಿರುಬೆರಳು ಎರಡೇ ಉಳಿದಿವೆ. ಸೂಜಿ ಹಿಡಿಯಲಾಗುವುದಿಲ್ಲ, ಕತ್ತರಿ ಹಿಡಿಯಲಾಗುವುದಿಲ್ಲ. ಹೊಲಿದು ತಿನ್ನುವ ಹೆಂಗಸಿನ ಕೈ ಕಡಿದಿರಿ. ಕಾಲು ಕಡಿದಿದ್ದರೆ ಕುಂಟಿಕೊಂಡಾದರೂ ಬದುಕುತ್ತಿದ್ದೆ.

ಒಡಹುಟ್ಟಿದ ಅಣ್ಣನನ್ನು ಹೀಗೆ ‘ನೀವು, ತಾವು’ ಅಂತ ಬರೆಯುವುದು ಯಾಕೆ ಅಂದರೆ, ‘ನೀನು’ ಅನ್ನುವುದಕ್ಕೂ ಒಂದು ಸಲಿಗೆ ಬೇಕು.

ಆ ದಿನ ನಾನು ಚರ್ಚಿನ ಹಾಡಿನ ಹುಡುಗರ ನಿಲುವಂಗಿಗಳನ್ನು ಕತ್ತರಿಸುತ್ತಿದ್ದೆ. ಜಸಿಂತಾಳ ಮದುವೆಯಾಗಿ ಎರಡೇ ದಿನ. ನಿಮ್ಮ ಮಗಳು, ನಾನು ಎತ್ತಿ ಆಡಿಸಿದ ಕೂಸು. ಮಧ್ಯಾಹ್ನ ಮೂರೂವರೆಗೆ ನಿಮ್ಮ ಹಂದಿ ಮಾಂಸದಂಗಡಿಯ ಮಚ್ಚು ಹಿಡಿದು ನನ್ನ ಅಂಗಡಿಯ ಮೆಟ್ಟಿಲು ಹತ್ತಿದಿರಿ. ನೀವು ಕೇಳಿದ್ದು ಇದು: “ಎಲ್ಲಾರ್ ಮುಂದೆ ಮುಯ್ಯಿ ತೀರಿಸ್ಕೊಂಡೆ ಅಲ್ವೇನೇ?” ನಾನು ಹೇಳಿದ್ದು ಇದು: “ಹೂಂ, ತೀರಿಸ್ದೆ. ಇನ್ನೇನ್ ಸರ ಕೊಡ್ಬೇಕಿತ್ತಾ?” ಅಷ್ಟೇ. ಅಷ್ಟಕ್ಕೆ ಮಚ್ಚು ಬೀಸಿದಿರಿ. ಪಕ್ಕದ ಗುಂಡಿ-ದಾರದ ಅಂಗಡಿಯ ಜಹೀರಾ ನನ್ನ ಮೂರು ಬೆರಳನ್ನು ಹಾಲಿನ ಕವರಿಗೆ ತುಂಬಿಕೊಂಡು ಆಟೋ ಹತ್ತಿದಳು. ಹೆಬ್ಬಾಳದ ಫ್ಲೈಓವರ್ ಕೆಳಗೆ ಮುಕ್ಕಾಲು ಗಂಟೆ ನಿಂತೆವು. ಡಾಕ್ಟರು ಕವರು ತೆಗೆದು ನೋಡಿ, ಇನ್ನು ಇವು ಕೂಡುವುದಿಲ್ಲ ಅಂದರು.

ಮದುವೆಗೆ ನಾನು ಕೊಟ್ಟ ಮುಯ್ಯಿ ನಿಮಗೆ ಕಡಿಮೆಯಾಯಿತು ಅಂತ ಗೊತ್ತಾಯಿತು. ಅದು ಗೋಡೆಗಡಿಯಾರ. ಬೀರುವಿನ ಮೇಲೆ ಯಾರೋ ಯಾವಾಗಲೋ ಕೊಟ್ಟ ಡಬ್ಬಿ ಬಿಚ್ಚದೆ ಬಿದ್ದಿತ್ತು, ಧೂಳು ಒರೆಸಿ, ಜಸಿಂತಾಳ ಹೆಸರು ಬರೆದು ತಂದೆ. ಆಸ್ಪತ್ರೆಯಲ್ಲಿ ಮಲಗಿದ್ದಾಗ ಹೊಳೆಯಿತು, ಅದನ್ನು ಎರಡು ವರ್ಷದ ಹಿಂದಿನ ಕ್ರಿಸ್ಮಸ್ಸಿಗೆ ಕೊಟ್ಟವರು ನೀವೇ. ನಿಮ್ಮದನ್ನು ನಿಮ್ಮ ಮನೆಗೇ ದಾಟಿಸಿದ್ದು ನನ್ನ ದಡ್ಡತನ. ಆದರೆ ನಮ್ಮ ಚರ್ಚಿನ ಅರ್ಧ ಮನೆಗಳ ಗಡಿಯಾರ ಹೀಗೆ ಮನೆಯಿಂದ ಮನೆಗೆ ತಿರುಗಿದ್ದೇ. ಅದಕ್ಕೆ ಯಾರೂ ಯಾರ ಬೆರಳನ್ನೂ ತೆಗೆದಿಲ್ಲ.

ಹೋದ ಭಾನುವಾರ ಫಾದರ್ ಪ್ರಸಂಗ ಮಾಡಿದರು. ದೇವರು ಮೊದಲ ಕ್ರಿಸ್ಮಸ್ಸಿಗೆ ತನ್ನ ಮಗನನ್ನು ಕೊಟ್ಟದ್ದು ತನ್ನನ್ನು ಹಾಡಿ ಹೊಗಳಿದವರಿಗಲ್ಲ, ತನಗೆ ಬೆನ್ನು ತಿರುಗಿಸಿದವರಿಗೆ. ಈ ಸಲ ನೀವೂ ನಿಮ್ಮ ಶತ್ರುವಿಗೆ ಒಂದು ಉಡುಗೊರೆ ಕೊಡಿ ಅಂದರು. ಇಡೀ ಚರ್ಚು ನನ್ನ ಬ್ಯಾಂಡೇಜು ನೋಡಿತು.

ಅದಕ್ಕೇ ಕಳಿಸಿದ್ದೇನೆ. ಜೈಲಿಗೆ ಕೇಕು ತರುವ ಸಿಸ್ಟರ್‌ಗಳ ಕೈಲಿ ಉಣ್ಣೆಯ ಗ್ಲೌಸು. ಯಶವಂತಪುರದ ಫುಟ್‌ಪಾತಿನಲ್ಲಿ ಕೊಂಡದ್ದು. ಬಲಗೈಯದರಲ್ಲಿ ಮೂರು ಬೆರಳನ್ನು ಬುಡದಲ್ಲೇ ಹೊಲಿಸಿ ಮುಚ್ಚಿಸಿದ್ದೇನೆ. ಹೊಲಿಯುವಾಗ ಜಹೀರಾ ಮೂರು ಸಲ ತೌಬಾ ಅಂದಳು. ನನ್ನ ಈಗಿನ ಅಳತೆ ಅದು. ಹಾಕಿಕೊಂಡು ಒಂದು ಹೊತ್ತು ಅನ್ನ ಕಲಸಿ ನೋಡಿ.

ಹಬ್ಬದ ಶುಭಾಶಯ ಹೇಳುವುದಿಲ್ಲ.

ಮೋನಿಕಾ

* * *

ಜೈಲು
9 ಜನವರಿ 2025

ಮೋನಿ,

ಇದನ್ನು ಲೂರ್ದಮ್ಮನ ಕೈಲಿ ಕಳಿಸುತ್ತಿದ್ದೇನೆ. ಜೈಲಿನವರು ಓದುವ ಕಾಗದ ಇದಲ್ಲ. ಅವಳು ನಿನ್ನ ಮುಖ ನೋಡುವುದಿಲ್ಲವಂತೆ, ಬಾಗಿಲ ಸಂದಿಯಲ್ಲಿ ಹಾಕಿ ಹೋಗುತ್ತಾಳೆ. ನನ್ನ ಹೆಂಡತಿ ಅಂತಲ್ಲ, ನಿನ್ನ ಅತ್ತಿಗೆ ಅಂತಾದರೂ ಅವಳನ್ನು ಬೈಯಬೇಡ. ಓದಿ ಸುಟ್ಟುಬಿಡು.

ಗ್ಲೌಸು ಸಿಕ್ಕಿತು. ಕೇಕು ಹಂಚುವಾಗ ಎಲ್ಲರ ಎದುರೇ ಹಾಕಿಕೊಂಡೆ. ಮೂರು ಬೆರಳು ಒಳಗೆ ಹೋಗಲಿಲ್ಲ. ಪಕ್ಕದಲ್ಲಿದ್ದವನು ನಕ್ಕ. ಅವನ ತಲೆಯನ್ನು ಗೋಡೆಗೆ ಜಜ್ಜಿ ಎರಡು ಹಲ್ಲು ಉದುರಿಸಿದೆ. ನನಗೂ ಬಿತ್ತು, ಎಡಗಣ್ಣು ಹನ್ನೆರಡು ದಿನ ತೆರೆಯಲಿಲ್ಲ. ನಿನ್ನ ಉಡುಗೊರೆ ಚೆನ್ನಾಗಿ ಕೆಲಸ ಮಾಡಿತು, ಸಂತೋಷಪಡು.

ಆದರೆ ಗಡಿಯಾರ ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ಮೈ ಉರಿಯಿತು. ನಾಟಕ ಆಡಬೇಡ. ಡಬ್ಬಿ ಗಡಿಯಾರದ್ದು, ನಿಜ. ಮನೆಯಲ್ಲಿ ಖಾಲಿ ಇದ್ದದ್ದು ಅದೇ. ಒಳಗೆ ಹತ್ತಿಯಲ್ಲಿ ಸುತ್ತಿ ಅಮ್ಮನ ಹವಳದ ಜಪಸರ ಇಟ್ಟಿದ್ದೆ.

ಹೌದು, ಅದು ನನ್ನ ಹತ್ತಿರವೇ ಇತ್ತು. ಅಮ್ಮ ಸತ್ತ ದಿನ ಅವಳ ಕೈಯಿಂದ ನಾನೇ ಬಿಡಿಸಿಕೊಂಡೆ. ಮೋನಿಗೆ, ಮೋನಿಗೆ ಅಂತ ಆಸ್ಪತ್ರೆಯಲ್ಲಿ ಹತ್ತು ಸಲ ಹೇಳಿದ್ದಳು. ಎಲ್ಲವೂ ಮೋನಿಗೇ ಯಾಕೆ ಅಂತ ಹೊಟ್ಟೆಕಿಚ್ಚು. ಅಮ್ಮ ದಿನಾ ಬೆರಳಲ್ಲಿ ಉಜ್ಜಿದ ಒಂದು ವಸ್ತು ನನ್ನ ಹತ್ತಿರ ಇರಲಿ ಅನ್ನಿಸಿತು. ನೀನು ಕೇಳಿದಾಗ ಪೀಠದ ಶಿಲುಬೆ ಮುಟ್ಟಿ ಇಲ್ಲ ಅಂದೆ. ಒಂಬತ್ತು ವರ್ಷ ನೀನು ನನ್ನ ಜೊತೆ ಮಾತು ಬಿಟ್ಟೆ, ನಾನು ಆ ಸುಳ್ಳಿನ ಜೊತೆ ಬದುಕಿದೆ. ಕೊನೆಗೆ ತಡೆಯಲಾಗದೆ ಆ ಕ್ರಿಸ್ಮಸ್ಸಿಗೆ ಚೀಟಿ ಬರೆದಿಟ್ಟು ಕೊಟ್ಟೆ: ‘ಮೋನಿ, ಅಮ್ಮನ ಸರ ನಾನೇ ಕದ್ದೆ. ಶಿಲುಬೆ ಮುಟ್ಟಿ ಸುಳ್ಳು ಹೇಳಿದೆ. ಕ್ಷಮಿಸು.’

ನೀನು ಏನೂ ಹೇಳಲಿಲ್ಲ. ಎರಡು ವರ್ಷ ಏನೂ ಹೇಳಲಿಲ್ಲ. ಆದರೆ ಮನೆಗೆ ಬಂದು ಹೋಗಿ ಮಾಡಿದೆ. ಕ್ಷಮಿಸಿಬಿಟ್ಟಳು, ಬಾಯಿಬಿಟ್ಟು ಹೇಳುವ ಜಾತಿ ಅಲ್ಲ ಇವಳು ಅಂದುಕೊಂಡೆ. ಚರ್ಚಿನಲ್ಲಿ ನಿನ್ನನ್ನು ನೋಡಿದಾಗಲೆಲ್ಲ ನನಗೆ ಹಗುರ ಆಗುತ್ತಿತ್ತು.

ಆಮೇಲೆ ಬೀಗರ ಊಟ. ಉಂಡಾದ ಮೇಲೆ ಒಂದೊಂದೇ ಮುಯ್ಯಿ ಬಿಚ್ಚಿ ನೋಡುತ್ತಿದ್ದರು. ಜಸಿಂತಾಳ ಅತ್ತೆ ನಿನ್ನ ಡಬ್ಬಿ ತೆಗೆದು, ಚೀಟಿಯನ್ನು ಗಟ್ಟಿಯಾಗಿ ಓದಿದಳು. ಅಳಿಯನ ಚಿಕ್ಕಪ್ಪ ಎಲೆಯಡಿಕೆ ಅಗಿಯುತ್ತಾ ಕೇಳಿದ: “ಏನ್ ಬೀಗ್ರೇ, ಹೆತ್ತತಾಯಿ ಸರಾನೇ ಎಗರಿಸ್ಬಿಟ್ರಾ?” ಐವತ್ತು ಜನ ನಕ್ಕರು. ನನ್ನ ಮಗಳು ತಲೆ ಎತ್ತಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು, ನನ್ನದು ಒಂದು ಚೀಟಿಗೆ ಹೋಯಿತು. ಎರಡು ವರ್ಷ ಕಾದು, ಸರಿಯಾದ ದಿನ ನೋಡಿ ಹೊಡೆದಳಲ್ಲ ಅಂದುಕೊಂಡೆ. ಸರವನ್ನು ಕೈಗೆ ಸುತ್ತಿಕೊಂಡು ಅಂಗಡಿಗೆ ಹೋಗಿ ಮಚ್ಚು ತೆಗೆದೆ.

ಅಮೃತಹಳ್ಳಿಯಿಂದ ನಿನ್ನ ಅಂಗಡಿವರೆಗೆ ನಡೆದೇ ಬಂದೆ. ಬರುತ್ತಾ ಸಿಟ್ಟು ಅರ್ಧ ಇಳಿದಿತ್ತು. ಕೇಳೋಣ ಅಂತಲೇ ಬಾಯಿ ತೆಗೆದೆ. ಮುಯ್ಯಿ ತೀರಿಸಿಕೊಂಡೆಯಾ ಅಂದರೆ ಹೂಂ, ತೀರಿಸಿದೆ ಅಂದೆ. ಅದೂ ಸಾಲದು ಅಂತ, ಸರ ಕೊಡಬೇಕಿತ್ತಾ ಅಂತ ಹಂಗಿಸಿದೆ. ನನ್ನ ಕೈ ನನ್ನ ವಶದಲ್ಲಿ ಇರಲಿಲ್ಲ ಅಂತ ಹೇಳಬೇಕಂತೆ, ವಕೀಲ ಶಿವಪ್ರಕಾಶ ಹೇಳಿಕೊಡುತ್ತಾನೆ. ಸುಳ್ಳು. ಕೈ ನನ್ನದೇ. ನಲವತ್ತು ವರ್ಷ ಹಂದಿ ಕಡಿದ ಕೈ, ಗುರಿ ತಪ್ಪುವುದಿಲ್ಲ. ನಾನು ಬೀಸಿದ್ದು ಕುತ್ತಿಗೆಗೆ. ನೀನು ಕೈ ಅಡ್ಡ ಕೊಟ್ಟೆ.

ಇನ್ನಾಸಿ

* * *

ಕೊಡಿಗೇಹಳ್ಳಿ
2 ಫೆಬ್ರವರಿ 2025

ಅಯ್ಯೋ ಪಾಪಿ,

ನಾನು ಆ ಡಬ್ಬಿ ಬಿಚ್ಚಿಯೇ ಇರಲಿಲ್ಲ. ಯೇಸುವಿನ ಆಣೆ, ಅಮ್ಮನ ಸಮಾಧಿಯ ಆಣೆ. ನಾನು ತೀರಿಸಿದೆ ಅಂದದ್ದು ಮದುವೆ ಮನೆಯ ಮುಯ್ಯಿ. ನೀನು ಕೇಳಿದ್ದು ಹಗೆಯ ಮುಯ್ಯಿ. ಸರ ಅಂದದ್ದು ಚಿನ್ನದ ಸರ. ಗಡಿಯಾರ ಕಡಿಮೆಯಾಯಿತು ಅಂತ ಜಗಳಕ್ಕೆ ಬಂದಿದ್ದಾನೆ, ಇನ್ನೇನು ಚಿನ್ನದ ಸರ ಹಾಕಬೇಕಿತ್ತಾ ನಿನ್ನ ಮಗಳಿಗೆ ಅಂತ ನನ್ನ ಮಾತಿನ ಅರ್ಥ. ನಮ್ಮ ಭಾಷೆಯಲ್ಲಿ ಉಡುಗೊರೆಗೂ ಸೇಡಿಗೂ ಒಂದೇ ಮಾತು ಇಟ್ಟವನ ಬಾಯಿಗೆ ಮಣ್ಣು ಬೀಳಲಿ.

ಯಾಕೆ ಬಿಚ್ಚಲಿಲ್ಲ ಅಂತ ಕೇಳುತ್ತೀಯ. ಹೇಳುತ್ತೇನೆ, ನನಗೆ ಹೆದರಿಕೆ ಇಲ್ಲ. ಮಾತು ಶುರು ಮಾಡಿದ್ದು ಊರಿನವರ ಬಾಯಿಗೆ ಹೆದರಿ, ನಿನ್ನ ಮೇಲಿನ ಪ್ರೀತಿಯಿಂದಲ್ಲ. ಆ ಹಬ್ಬದ ದಿನ ನೀನು ಡಬ್ಬಿ ಕೊಟ್ಟು ಹೋದೆ. ಕಳ್ಳ ಕೊಟ್ಟದ್ದರಲ್ಲಿ ಏನಿರುತ್ತದೆ ಅಂತ ಬೀರುವಿನ ಮೇಲಕ್ಕೆ ಎಸೆದೆ. ನೀನು ಕದ್ದಿದ್ದೀಯ ಅಂತ ನನಗೆ ಮೊದಲಿಂದಲೂ ಗೊತ್ತಿತ್ತು. ಆಮೇಲೆ ಮರೆತೆ. ಭಾನುವಾರ ಭಾನುವಾರ ಚರ್ಚಿನಲ್ಲಿ ನನ್ನನ್ನು ನೋಡಿ ಸಣ್ಣಗೆ ನಗುತ್ತಿದ್ದೆಯಲ್ಲ, ಇದೇನು ಗೂಬೆ ಹೀಗೆ ನೋಡುತ್ತದೆ ಅಂದುಕೊಳ್ಳುತ್ತಿದ್ದೆ. ಎರಡು ವರ್ಷ ಅಮ್ಮನ ಜಪಸರದ ಕೆಳಗೇ ಮಲಗಿದ್ದೆ, ಅಣ್ಣ. ಬೀರು ನನ್ನ ತಲೆಯ ಹತ್ತಿರವೇ ಇದೆ.

ನೋಡು, ಅಣ್ಣ ಅಂತ ಬರೆದುಬಿಟ್ಟೆ. ಎಡಗೈ ಮಾತು ಕೇಳುವುದಿಲ್ಲ.

ಹಾಗಂತ ನಿನ್ನ ತಪ್ಪು ಒಂದು ಕೂದಲಷ್ಟೂ ಕಡಿಮೆಯಾಗಲಿಲ್ಲ. ಬಿಚ್ಚದ ತಪ್ಪಿಗೆ ಕುತ್ತಿಗೆಯಾ? ನಿನ್ನ ಬಾಯಿಗೆ ಏನಾಗಿತ್ತು? ‘ಮೋನಿ, ನಾನೇ ಕದ್ದೆ’ ಅಂತ ಮೂರು ಮಾತು ಹೇಳಲಿಕ್ಕೆ ನಾಲಿಗೆ ಬಿದ್ದುಹೋಗಿತ್ತಾ? ಕ್ಷಮೆಯನ್ನು ಗಡಿಯಾರದ ಡಬ್ಬಿಯಲ್ಲಿಟ್ಟು, ಮೇಲೆ ಬಣ್ಣದ ರಿಬ್ಬನ್ ಕಟ್ಟಿ, ಮೇಜಿನ ಮೇಲೆ ಇಟ್ಟು, ಟೀ ಕೂಡ ಕುಡಿಯದೆ ಓಡಿದೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತಾ? ನನ್ನ ಬೆರಳು ಬಂದಾವಾ?

ಇವತ್ತು ಕ್ರಿಸ್ಮಸ್ಸಿಗೆ ಕೂರಿಸಿದ ಗೋದಲಿ ತೆಗೆಯುವ ದಿನ. ಬಾಲಯೇಸುವಿಗೆ ಕಾಣಿಕೆ ತಂದ ಮೂರು ರಾಯರ ಬೊಂಬೆಗಳನ್ನು ಕೈಗೆ ತೆಗೆದುಕೊಂಡೆ. ಮೂವರ ಕೈಯಲ್ಲೂ ಡಬ್ಬಿ. ಮೈಮೇಲೆ ಏನು ಬಂತೋ ಗೊತ್ತಿಲ್ಲ, ಒಬ್ಬೊಬ್ಬರನ್ನೇ ನೆಲಕ್ಕೆ ಕುಟ್ಟಿದೆ. ಮರಿಯಮ್ಮನನ್ನೂ ಒಡೆಯಲು ಎತ್ತಿದ್ದೆ, ಅಷ್ಟರಲ್ಲಿ ಜಹೀರಾ ಬಂದು ಕಿತ್ತುಕೊಂಡಳು. “ಬೀಬಿ ಮರಿಯಂ ಏನ್ ಮಾಡಿದ್ರು ಅಕ್ಕಾ ನಿಂಗೆ?” ಅಂತ ಬೈದಳು.

ಪಾಪನಿವೇದನೆಗೆ ಹೋದೆ. ಎಲ್ಲ ಹೇಳಿದೆ. ಫಾದರ್, ‘ಕೊಟ್ಟ ಕೂಡಲೇ ಅದು ಉಡುಗೊರೆ ಆಗುವುದಿಲ್ಲಮ್ಮ, ತೆಗೆದುಕೊಂಡವರು ಬಿಚ್ಚಿ ನೋಡಿದಾಗ ಆಗುತ್ತದೆ. ದೇವರು ಕೊಟ್ಟದ್ದೂ ಎಷ್ಟೋ ಮನೆಯಲ್ಲಿ ಬಿಚ್ಚದೆ ಬಿದ್ದಿದೆ’ ಅಂದರು. ಹಾಗಾದರೆ ತಪ್ಪು ನನ್ನದಾ ಅಂತ ಕಿರುಚಿದೆ. ಹೊರಗೆ ಸಾಲಿನಲ್ಲಿದ್ದವರೆಲ್ಲ ಎದ್ದು ನಿಂತರು.

ಆ ಸರ ಎಲ್ಲಿದೆ? ಅದನ್ನು ಮಾತ್ರ ಬರಿ. ಬೇರೇನೂ ಬೇಡ.

ಮೋನಿಕಾ

* * *

ಜೈಲು
20 ಏಪ್ರಿಲ್ 2025, ಈಸ್ಟರ್

ಮೋನಿ,

ನೀನು ಬಿಚ್ಚಿರಲಿಲ್ಲ ಅನ್ನುವುದನ್ನು ನಂಬಲು ಇಷ್ಟು ದಿನ ಬೇಕಾಯಿತು. ನಂಬದೆ ಇದ್ದಾಗ ಚೆನ್ನಾಗಿ ನಿದ್ದೆ ಬರುತ್ತಿತ್ತು.

ಸರ ಕೋರ್ಟಿನಲ್ಲಿದೆ. ಕೈಗೆ ಸುತ್ತಿಕೊಂಡೇ ಸಿಕ್ಕಿಬಿದ್ದೆನಲ್ಲ. ಪೊಲೀಸರು ಮಚ್ಚಿನ ಜೊತೆ ಅದನ್ನೂ ಮುದ್ದೆಮಾಲು ಅಂತ ಬರೆದುಕೊಂಡು, ಕವರಿಗೆ ಹಾಕಿ ಅರಗಿನ ಮುದ್ರೆ ಒತ್ತಿದರು. ಸರದ ತುದಿಯ ಶಿಲುಬೆಯ ಸಂದಿಯಲ್ಲಿ ನಿನ್ನ ರಕ್ತ ಇದೆ. ತೊಳೆಯಲು ಬಿಡಲಿಲ್ಲ.

ಇನ್ನಾಸಿ

* * *

ಜೈಲು
16 ನವೆಂಬರ್ 2025

ಪ್ರೀತಿಯ ತಂಗಿ ಮೋನಿಗೆ ಅಣ್ಣ ಮಾಡುವ ಆಶೀರ್ವಾದ.

ಇದನ್ನೂ ಲೂರ್ದಮ್ಮನೇ ತರುತ್ತಾಳೆ. ಈ ಸಲ ಬಾಗಿಲ ಸಂದಿಯಲ್ಲಿ ಹಾಕುವುದಿಲ್ಲ, ಒಳಗೆ ಬರುತ್ತಾಳೆ. ಕೂತುಕೊಳ್ಳಲು ಹೇಳು.

ಡಿಸೆಂಬರ್ ಹದಿನೆಂಟಕ್ಕೆ ನಿನ್ನ ಸಾಕ್ಷಿ ಇದೆ. ಎರಡು ಸಲ ಜಾಮೀನು ಕೇಳಿದೆವು, ಸಿಗಲಿಲ್ಲ. ನಿನ್ನ ಮಾತಿನ ಮೇಲೆಯೇ ಕೇಸು ನಿಂತಿದೆ ಅಂತ ಶಿವಪ್ರಕಾಶ ಹೇಳುತ್ತಾನೆ. ಅಂಗಡಿಗೆ ಬೀಗ ಬಿದ್ದು ವರ್ಷವಾಯಿತು. ಜಸಿಂತಾಗೆ ಹೆಣ್ಣುಮಗು ಆಗಿದೆ. ಮಗುವನ್ನು ಎತ್ತಿಕೊಂಡು ಜೈಲಿಗೆ ಹೋಗಕೂಡದು ಅಂತ ಅವಳ ಅತ್ತೆ ಕಟ್ಟು ಮಾಡಿದ್ದಾಳೆ. ಮೊಮ್ಮಗಳ ಮುಖ ನಾನು ಫೋಟೋದಲ್ಲೂ ನೋಡಿಲ್ಲ.

ಒಂದೇ ಒಂದು ಮಾತು ಹೇಳು. ಬಟ್ಟೆ ಕತ್ತರಿಸುವ ಮೆಷಿನ್ನಿಗೆ ಕೈ ಸಿಕ್ಕಿತು, ಅಣ್ಣ ಬಿಡಿಸಲು ಓಡಿಬಂದ, ಗಾಬರಿಯಲ್ಲಿ ಪೊಲೀಸರಿಗೆ ಏನೋ ಹೇಳಿಬಿಟ್ಟೆ ಅಂತ. ಉಳಿದದ್ದನ್ನು ವಕೀಲ ನೋಡಿಕೊಳ್ಳುತ್ತಾನೆ. ಜಹೀರಾಗೂ ನೀನೇ ಒಂದು ಮಾತು ಹೇಳಿ ಒಪ್ಪಿಸು.

ಕ್ರಿಸ್ಮಸ್ ಬರುತ್ತಿದೆ. ಕ್ಷಮಿಸುವುದಲ್ಲವಾ ಈ ಹಬ್ಬದ ದೊಡ್ಡ ಉಡುಗೊರೆ? ಹೋದ ಸಲ ಕಳಿಸಿದ್ದನ್ನು ಮರೆತಿದ್ದೇನೆ. ಈ ಸಲ ಇಷ್ಟು ಕೊಡು. ಅತ್ತಿಗೆ ನಿನಗೆ ಒಂದು ಸೀರೆ ತರುತ್ತಾಳೆ, ಹಬ್ಬಕ್ಕೆ ಉಟ್ಟುಕೊ.

ನಿನ್ನ ಅಣ್ಣ
ಇನ್ನಾಸಪ್ಪ

* * *

ಕೊಡಿಗೇಹಳ್ಳಿ
23 ನವೆಂಬರ್ 2025

ಇನ್ನಾಸಿ,

ಸೀರೆ ವಾಪಸ್ ಕಳಿಸಿದ್ದೇನೆ. ಬುದ್ಧಿ ಬಂದಿದೆ ನನಗೆ, ಈ ಸಲ ಬಿಚ್ಚಿ, ಮಡಿಕೆ ಮಡಿಕೆಯೂ ಕೊಡವಿ ನೋಡಿಯೇ ಕಳಿಸಿದ್ದು.

ನಡೆದದ್ದು ಹೇಳುತ್ತೇನೆ. ಅತ್ತಿಗೆ ಮೊದಲು ಕಾಲು ಹಿಡಿದಳು. ನಾನು ಆಗುವುದಿಲ್ಲ ಅಂದೆ. “ನಿನ್ ಗಂಡನ್ನ ನುಂಗ್ದೆ, ಈಗ ನನ್ ಗಂಡನ್ನೂ ನುಂಗು ಮುಂಡೆ” ಅಂತ ಕೂದಲಿಗೆ ಕೈ ಹಾಕಿದಳು. ನಾನು ಅವಳ ಕೆನ್ನೆಗೆ ಬಾರಿಸಿದೆ, ಬಲಗೈಯಲ್ಲೇ, ಮೊಂಡುಕೈ ತಾಗಿ ನನಗೇ ಪ್ರಾಣ ಹೋಯಿತು. ಆ ನೋವಿಗೆ ಕಣ್ಣು ಕತ್ತಲೆ ಬಂದು ಮೇಜಿನ ಮೇಲಿದ್ದ ದೊಡ್ಡ ಕತ್ತರಿ ಎತ್ತಿ ಅವಳ ಮುಖಕ್ಕೆ ಎಸೆದೆ. ಎಡಗೈ, ಗುರಿ ತಪ್ಪಿತು. ಹಿಂದಿನ ಬಾಗಿಲಿಗೆ ಎರಡು ಇಂಚು ನಾಟಿ ನಿಂತಿತು. ಅವಳು ಅಳುತ್ತಾ ಓಡಿದಳು. ಜಹೀರಾ ಕತ್ತರಿ ಕೀಳಲು ಬಂದು ಕೀಳಲಾಗದೆ ಬಿಟ್ಟಳು.

ಬಲಗೈ ಇದ್ದಿದ್ದರೆ ನಾನೂ ಇವತ್ತು ನಿನ್ನ ಪಕ್ಕದ ಜೈಲಿನಲ್ಲಿ ಇರುತ್ತಿದ್ದೆ. ನಾವಿಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಅಂತ ಆ ಬಾಗಿಲು ನೋಡಿದಾಗ ಗೊತ್ತಾಯಿತು. ಅತ್ತಿಗೆಯ ಹತ್ತಿರ ಬಾಯಲ್ಲಿ ಕ್ಷಮೆ ಕೇಳಿ ಬಂದಿದ್ದೇನೆ, ನೆನ್ನೆ, ಅವಳ ಮನೆಗೇ ಹೋಗಿ. ಮುಖದ ಮೇಲೆ ಬಾಗಿಲು ಹಾಕಿದಳು. ಬಾಗಿಲಿಗೇ ಹೇಳಿ ಬಂದೆ.

ಇನ್ನು ನಿನ್ನ ಉಡುಗೊರೆ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ. ನೀನು, ನಾನು ಕೊಡುವ ಮೊದಲೇ ಇಷ್ಟು ಮೊಳ ಬೇಕು ಅಂತ ಅಳತೆ ಕಳಿಸಿದ್ದೀಯ. ಕೇಳಿ ತೆಗೆದುಕೊಳ್ಳುವುದು ಉಡುಗೊರೆ ಅಲ್ಲ, ವಸೂಲಿ. ಅದೂ ಸುಳ್ಳನ್ನು ಕೇಳುತ್ತೀಯ, ದೇವರ ಹುಟ್ಟುಹಬ್ಬದ ಹೆಸರಿನಲ್ಲಿ. ಶಿಲುಬೆ ಮುಟ್ಟಿ ನೀನು ಹೇಳಿದ ಒಂದು ಸುಳ್ಳಿಗೆ ನಮ್ಮ ಮನೆ ಹೀಗಾಯಿತು. ಈಗ ನನ್ನ ಕೈಲೂ ಪ್ರಮಾಣ ಮಾಡಿಸಿ ಇನ್ನೊಂದು ಹೇಳಿಸುತ್ತೀಯಾ?

ಮೆಷಿನ್ನಿನ ಮೇಲೆ ಹಾಕಬೇಕಂತೆ! ಇಪ್ಪತ್ತಾರು ವರ್ಷ ಅನ್ನ ಹಾಕಿದ ಮೆಷಿನ್ನು, ಒಂದು ದಿನ ನನ್ನ ಉಗುರೂ ಕಚ್ಚಿಲ್ಲ. ನನ್ನನ್ನು ಕಡಿದದ್ದು ಮೆಷಿನ್ನಲ್ಲ, ನೀನು. ಅದನ್ನು ಹೇಳುತ್ತೇನೆ. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ಮಗುವಿನ ಫೋಟೋ ಜಸಿಂತಾ ನನಗೆ ಕಳಿಸಿದ್ದಳು. ಪ್ರಿಂಟು ಹಾಕಿಸಿ ಇದರ ಜೊತೆ ಇಟ್ಟಿದ್ದೇನೆ. ಇದಕ್ಕೆ ಪ್ರತಿಯಾಗಿ ಏನೂ ಬೇಡ.

ಮೋನಿಕಾ

* * *

ಜೈಲು
30 ನವೆಂಬರ್ 2025

ಮೋನಿಕಾ,

ಫೋಟೋ ಹರಿದು ಹಾಕಿದೆ.

ಎಷ್ಟು ವರ್ಷ ಹಾಕುತ್ತಾರೆ? ಏಳಾ? ಹತ್ತಾ? ಒಂದು ದಿನ ಹೊರಗೆ ಬರುತ್ತೇನೆ. ನಿನ್ನದು ಇನ್ನೊಂದು ಕೈ ಉಳಿದಿದೆಯಲ್ಲ, ಅಲ್ಲಿಯವರೆಗೆ ಅದನ್ನು ಜೋಪಾನವಾಗಿ ಇಟ್ಟುಕೊ.

ಇನ್ನಾಸಪ್ಪ

* * *

ಜೈಲು
19 ಡಿಸೆಂಬರ್ 2025

ಮೋನಿ,

ಇದನ್ನು ಜೈಲಿನವರ ಮುಂದೆಯೇ ಬರೆದು ಕೊಡುತ್ತಿದ್ದೇನೆ. ಅವರೂ ಓದಲಿ.

ನಿನ್ನೆ ನಡೆದದ್ದು ನಿನಗೂ ಗೊತ್ತು. ಆದರೆ ಕಟಕಟೆಯ ಕಡೆಯಿಂದ ಅದು ಹೇಗೆ ಕಂಡಿತು ಅಂತ ನಿನಗೆ ಗೊತ್ತಿಲ್ಲ, ಅದಕ್ಕೆ ಬರೆಯುತ್ತೇನೆ.

ನೀನು ಬಂದು ನಿಂತಾಗ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದೆ. ಆ ಕೈಯನ್ನು ನಾನು ನೋಡೇ ಇರಲಿಲ್ಲ. ಕಡಿದ ಕೂಡಲೇ ನನ್ನನ್ನು ಹಿಡಿದುಕೊಂಡರಲ್ಲ. ನನ್ನ ಮನಸ್ಸಿನಲ್ಲಿ ಇದ್ದದ್ದು ಮೂರು ಬೆರಳು ಅನ್ನುವ ಮಾತು, ಅಷ್ಟೇ. ನಿನ್ನನ್ನು ನೋಡಿದರೆ ಸಿಟ್ಟೇ ಬರುತ್ತಿತ್ತು, ಸುಳ್ಳು ಹೇಳುವುದಿಲ್ಲ.

ಸರ್ಕಾರಿ ವಕೀಲರು ಮುದ್ರೆ ಒಡೆಸಿ ಸರ ತೆಗೆಸಿದರು. ಇದನ್ನು ಗುರುತಿಸುತ್ತೀರಾ ಅಂದರು. ನೀನು ಕೈ ಚಾಚಿದೆ. ಅಭ್ಯಾಸ, ಬಲಗೈಯನ್ನೇ ಚಾಚಿದೆ. ಹೆಬ್ಬೆರಳಿಗೂ ಕಿರುಬೆರಳಿಗೂ ನಡುವೆ ಸರ ನಿಲ್ಲಲಿಲ್ಲ, ಜಾರಿ ನೆಲಕ್ಕೆ ಬಿತ್ತು. ಜವಾನ ಎತ್ತಿಕೊಟ್ಟ. ಮತ್ತೆ ಬಿತ್ತು. ಮೂರನೇ ಸಲ ನೀನು ಅದನ್ನು ಹಸುಗೂಸಿನ ಹಾಗೆ ಎರಡೂ ತೋಳಲ್ಲಿ ಎದೆಗೆ ಒತ್ತಿ ಹಿಡಿದುಕೊಂಡೆ. “ನಮ್ಮಮ್ಮಂದು ಸ್ವಾಮಿ. ನಮ್ಮಣ್ಣ ನಂಗೆ ಕೊಟ್ಟಿದ್ದ” ಅಂದೆ. ಕದ್ದಿದ್ದ ಅನ್ನಲಿಲ್ಲ. ಕೊಟ್ಟಿದ್ದ ಅಂದೆ.

ಆಮೇಲೆ ಶಿವಪ್ರಕಾಶ ಎದ್ದ. “ಮೆಷಿನ್‌ಗೆ ಸಿಕ್ಕಿ ಕೈ ಹೋಗಿದ್ದು ಅಲ್ವೇನಮ್ಮಾ? ಅಣ್ಣನ ಮೇಲೆ ಹಳೇ ದ್ವೇಷ ಇಟ್ಕೊಂಡು ಹೇಳ್ತಿದೀಯ ಅಲ್ವಾ?” ಅಂತ ಒಂದಾದ ಮೇಲೊಂದು ಕೇಳಿದ. ಪ್ರತಿ ಸಲವೂ ನೀನು ಇಲ್ಲ ಸ್ವಾಮಿ, ಇಲ್ಲ ಸ್ವಾಮಿ ಅಂದೆ. ಸುಳ್ಳುಬುರುಕಿ ಅಂತ ಅವನು ಮೇಜು ಗುದ್ದಿದ. ನಾನೇ ನೇಮಿಸಿದ ನಾಯಿ, ನನ್ನ ತಂಗಿಯ ಮೇಲೆ ಬಿದ್ದು ಕಚ್ಚುತ್ತಿತ್ತು.

ಏನು ಮಾಡುತ್ತಿದ್ದೇನೆ ಅಂತ ಯೋಚಿಸಲಿಲ್ಲ. “ನಾನೇ ಸ್ವಾಮಿ ಕಡ್ದಿದ್ದು! ಕುತ್ತಿಗೆಗೇ ಬೀಸ್ದೆ, ಅವ್ಳನ್ನ ಕೇಳ್ಬೇಡಿ” ಅಂತ ಕೂಗಿದೆ. ಜಡ್ಜು ಬಾಯಿ ಮುಚ್ಚು ಅಂದರು. ಪೊಲೀಸಿನವನು ಭುಜ ಹಿಡಿದು ಕೂರಿಸಿದ. ಮತ್ತೆ ಎದ್ದು ಅದನ್ನೇ ಹೇಳಿದೆ. ಇವತ್ತು ಅದನ್ನು ಬರೆದು ಸಹಿ ಹಾಕಿ ಕೊಟ್ಟಿದ್ದೇನೆ. ಶಿವಪ್ರಕಾಶ ಕೇಸು ಬಿಟ್ಟು ಹೋದ. ಇನ್ನು ಎಷ್ಟು ವರ್ಷ ಅಂತ ಅವರು ಹೇಳುವುದೊಂದೇ ಬಾಕಿ.

ಇದು ಮುಯ್ಯಿ ಅಲ್ಲ, ಮೋನಿ. ಇದಕ್ಕೆ ನೀನು ಏನೂ ತೀರಿಸಬೇಕಿಲ್ಲ. ನಿನ್ನ ಬೆರಳಿಗೆ ಇದು ಸಮವೂ ಅಲ್ಲ.

ಫೋಟೋ ಹರಿದೆ ಅಂತ ಬರೆದದ್ದು ಸುಳ್ಳು. ಹರಿಯಲು ಹೋದಾಗ ಒಂದು ಮೂಲೆ ಹರಿಯಿತು, ಅಷ್ಟೇ. ಆದರೆ ನಿನ್ನ ಇನ್ನೊಂದು ಕೈಯ ವಿಷಯ ಬರೆದದ್ದು ಸುಳ್ಳಲ್ಲ. ಆ ದಿನ ಅದನ್ನು ಮನಸ್ಸಿನಿಂದಲೇ ಬರೆದೆ. ಅದು ನಿನಗೆ ಗೊತ್ತಿರಲಿ.

ಇನ್ನೊಂದು ಮಾತು ಇದೆ. ಅದನ್ನು ಬರೆಯುವುದಿಲ್ಲ. ಒಂದು ಸಲ ಬರೆದು ಕೊಟ್ಟು ಏನಾಯಿತು ಅಂತ ನೋಡಿದ್ದೇವೆ.

ಅಣ್ಣ

* * *

ಕೊಡಿಗೇಹಳ್ಳಿ
25 ಡಿಸೆಂಬರ್ 2025

ಅಣ್ಣ,

ಪೂಜೆ ಮುಗಿಸಿ ಬಂದು ಬರೆಯುತ್ತಿದ್ದೇನೆ. ಬೀದಿಯಲ್ಲಿ ಹುಡುಗರು ಪಟಾಕಿ ಹೊಡೆಯುತ್ತಿದ್ದಾರೆ. ಜಹೀರಾ ಬೆಳಿಗ್ಗೆಯೇ ಬಂದು ಅಕ್ಕಿ ತೊಳೆದಿಟ್ಟು ಹೋದಳು.

ಮೊದಲು ಒಂದು ವಿಷಯ. ನೀನು ಹೆದರಿಸಿ ಬರೆದ ಕಾಗದ ಕೋರ್ಟಿಗೆ ಬಂದ ದಿನ ನನ್ನ ಬ್ಯಾಗಿನಲ್ಲೇ ಇತ್ತು. ಸರ್ಕಾರಿ ವಕೀಲರಿಗೆ ಕೊಡಬೇಕು ಅಂತಲೇ ತಂದಿದ್ದೆ. ಜಹೀರಾ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೊಡು ಕೊಡು ಅಂದಳು. ನಾನು ಕೊಡಲಿಲ್ಲ ಅಂತ ನನ್ನನ್ನು ಪುಣ್ಯವಂತೆ ಮಾಡಬೇಡ. ಸರ ತೋರಿಸಿದ ಮೇಲೆ ಕೊಡೋಣ ಅಂತ ಇದ್ದೆ. ಅಷ್ಟರಲ್ಲಿ ನೀನು ಎದ್ದು ನಿಂತುಬಿಟ್ಟೆ.

ಕ್ಷಮಿಸಿದ್ದೇನೆ ಅಂತ ಬರೆಯೋಣ ಅಂತ ಕೂತೆ. ಕೈ ಓಡಲಿಲ್ಲ. ಇವತ್ತು ಬೆಳಿಗ್ಗೆಯೂ ರವಿಕೆಯ ಹುಕ್ಕು ಹಾಕಿಕೊಳ್ಳಲಾಗದೆ ನಿನ್ನ ವಂಶಕ್ಕೆಲ್ಲ ಶಾಪ ಹಾಕಿದೆ, ಅದು ನನ್ನ ವಂಶವೂ ಹೌದು ಅಂತ ಆಮೇಲೆ ನೆನಪಾಯಿತು. ಸಿಟ್ಟು ಹೋಗಿಲ್ಲ. ಹೋಗುತ್ತದೆ ಅಂತ ಮಾತು ಕೊಡುವುದೂ ಇಲ್ಲ.

ಆದರೆ ಪೂಜೆಯಲ್ಲಿ ಬಾಲಯೇಸುವಿನ ಬೊಂಬೆಯನ್ನು ಮುತ್ತಿಡಲು ಕೊಟ್ಟಾಗ ನನಗೆ ಒಂದು ಹೊಳೆಯಿತು. ಫಾದರ್ ಹೇಳಿದ್ದಲ್ಲ, ನನ್ನ ತಲೆಗೇ ಹೊಳೆದದ್ದು. ಆ ರಾಯರು ಡಬ್ಬಿ ತಂದರು, ಸರಿ. ನಾವೆಲ್ಲ ಅವರನ್ನು ನೋಡಿ ಡಬ್ಬಿ ಕೊಡುವುದನ್ನು ಕಲಿತೆವು. ದೇವರು ಡಬ್ಬಿ ಕಳಿಸಲಿಲ್ಲ, ಚೀಟಿ ಬರೆದಿಡಲಿಲ್ಲ. ಕೊಡುವುದು ಏನಿತ್ತೋ ಅದನ್ನು ಕೊಡಲು ತಾನೇ ಬಂದ. ಮೈಮೇಲೆ ಬಟ್ಟೆಯಿಲ್ಲದೆ, ಹೊಡೆದರೆ ಹೊಡೆಸಿಕೊಳ್ಳುವ ಹಾಗೆ ಬಂದ. ಹೊಡೆದೇ ಹೊಡೆದರು. ಆದರೂ ಬಂದದ್ದು ಬಂದದ್ದೇ. ನೀನು ಡಬ್ಬಿ ಇಟ್ಟು ಓಡಿ ಕೆಟ್ಟೆ, ನಾನು ಗ್ಲೌಸು ಕಳಿಸಿ ಕೆಟ್ಟೆ. ಇಬ್ಬರಲ್ಲಿ ಒಬ್ಬರೂ ಎದುರಿಗೆ ನಿಲ್ಲಲಿಲ್ಲ.

ಜನವರಿ ಮೂರು, ಶನಿವಾರ, ಭೇಟಿಗೆ ಹೆಸರು ಕೊಟ್ಟಿದ್ದೇನೆ. ಕಡಿಸಿಕೊಂಡವಳು ಕಡಿದವನನ್ನು ನೋಡಲು ಯಾಕೆ ಅಂತ ಅಲ್ಲಿಯವರು ಎರಡು ಸಲ ಕೇಳಿದರು. ಅಣ್ಣ ತಂಗಿ ಅಂದೆ. ಇಲ್ಲಿಂದ ಮೂರು ಬಸ್ಸು ಬದಲಿಸಬೇಕು. ಜಹೀರಾ ಗೇಟಿನವರೆಗೆ ಬರುತ್ತಾಳೆ.

ಹಣ್ಣು ತರುವುದಿಲ್ಲ, ಕೇಕು ತರುವುದಿಲ್ಲ. ನೋಡಲು ಹೋಗುವಾಗ ಬರಿಗೈಯಲ್ಲಿ ಹೋಗಬಾರದು ಅಂತ ಅಮ್ಮ ಕಲಿಸಿದ್ದು ಗೊತ್ತಿದೆ. ಬರಿಗೈಯಲ್ಲೇ ಬರುತ್ತೇನೆ. ನೀನೂ ಏನೂ ಬರೆದಿಟ್ಟುಕೊಳ್ಳಬೇಡ. ಸೆರಗು ಸುತ್ತದೆ ಕೈ ತೋರಿಸುತ್ತೇನೆ. ಅದನ್ನು ನೋಡಿಕೊಂಡು, ಆ ಒಂದು ಮಾತನ್ನು ಬಾಯಲ್ಲಿ ಹೇಳು. ಎದುರಿಗೆ ನಿಂತು ಕೇಳಿಸಿಕೊಳ್ಳುತ್ತೇನೆ. ಆಮೇಲೆ ನಾನು ಅಳುತ್ತೇನೋ ಉಗಿಯುತ್ತೇನೋ ನನಗೇ ಗೊತ್ತಿಲ್ಲ.

ಬರುವುದಂತೂ ಬರುತ್ತೇನೆ.

ನಿನ್ನ ತಂಗಿ
ಮೋನಿ